ಲಕ್ವಕ್ಕೆ ಸೂಜಿ ಮತ್ತು ಕರೆಂಟು

“ಡಾಕ್ಟ್ರೇ, ಸೂಜಿ ಚುಚ್ಚಿ ಕರೆಂಟು ಕೊಟ್ಟರೆ ಲಕ್ವ ವಾಸಿಯಾಗುತ್ತಂತೆ, ಹೌದೇ?” ಬಲಗೈ ಬಿದ್ದುಹೋದ ತಂದೆಯನ್ನು ಕರೆತಂದಿದ್ದ ಮಗ ಇತ್ತೀಚೆಗೆ ನನ್ನನ್ನು ಕೇಳಿದರು. ಇದೇ ಪ್ರಶ್ನೆ ನಿಮ್ಮಲ್ಲಿ ಹಲವರಿಗೂ ಇರಬಹುದು.

ಲಕ್ವ ಅಥವಾ ಪಾರ್ಶ್ವವಾಯು ಬರುವುದು ಮೆದುಳಿನ ರಕ್ತನಾಳ ಒಡೆದಾಗ, ಇಲ್ಲವೇ ಹೆಪ್ಪುಗಟ್ಟಿದ ರಕ್ತ ನಾಳವನ್ನು ಮುಚ್ಚಿದಾಗ. ಎರಡನೆಯದೇ ಹೆಚ್ಚು. ರಕ್ತ ಸಿಗದ ಭಾಗದ ನರಕೋಶಗಳು ನಿಮಿಷಗಳಲ್ಲೇ ಸಾಯತೊಡಗುತ್ತವೆ. ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸತ್ತ ಕೋಶಗಳನ್ನು ಗುಡಿಸಲು ಬಂದ ಅವು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ರಕ್ತದಿಂದ ಬಿಳಿಕಣಗಳೂ ನುಗ್ಗುತ್ತವೆ. ಮೆದುಳು ಬಾತುಕೊಳ್ಳುತ್ತದೆ. ಬೆಂಕಿ ಆರಿಸಲು ಬಂದವರು ಪಕ್ಕದ ಮನೆಯ ಹೆಂಚನ್ನೂ ಒಡೆದಂತೆ, ಉಳಿಯಬಹುದಾಗಿದ್ದ ಕೋಶಗಳೂ ಮುಂದಿನ ದಿನಗಳಲ್ಲಿ ನಾಶವಾಗುತ್ತವೆ. ಹಾಗೆಂದು ಉರಿಯೂತವನ್ನು ಪೂರ್ತಿ ಅಡಗಿಸುವಂತೆಯೂ ಇಲ್ಲ. ಗಾಯ ಮಾಯಲು ಅದರ ಒಂದಂಶ ಬೇಕೇ ಬೇಕು.

ಎಲೆಕ್ಟ್ರೋ ಅಕ್ಯುಪಂಕ್ಚರ್‌ನಲ್ಲಿ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿ, ಅವುಗಳ ಮೂಲಕ ಸಣ್ಣ ಯಂತ್ರದಿಂದ ಮೆಲುವಾದ ವಿದ್ಯುತ್ ಹರಿಸುತ್ತಾರೆ. ಮೆದುಳಿನ ರಕ್ತನಾಳ ಮುಚ್ಚಿದ ಇಲಿಗಳಿಗೆ ಹೀಗೆ ಮಾಡಿದಾಗ ಉರಿಯೂತದ ರಾಸಾಯನಿಕಗಳು ತಗ್ಗಿ, ಹಾನಿಯಾದ ಭಾಗವೂ ಕಿರಿದಾದುದನ್ನು ಹಲವು ಪ್ರಯೋಗಾಲಯಗಳು, ಹೆಚ್ಚಾಗಿ ಚೀನಾದವು, ವರದಿ ಮಾಡಿವೆ.

ಕಾಲಿಗೆ ಚುಚ್ಚಿದರೆ ಉರಿಯೂತ ಇಳಿಯುವುದು ಹೇಗೆ? ಹಾರ್ವರ್ಡ್‌ನ ಕ್ಯೂಫು ಮಾ ಅವರ ತಂಡ 2020 ಮತ್ತು 2021ರಲ್ಲಿ ಒಂದು ಸುಳಿವು ಕೊಟ್ಟಿತು. ಹಿಂಗಾಲಿನ ಒಂದು ಜಾಗಕ್ಕೆ ಕೊಟ್ಟ ಮೆಲುವಾದ ಪ್ರಚೋದನೆ ಮೆದುಳು ತಲುಪಿ, ಅಲ್ಲಿಂದ ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಗೆ ಇಳಿದು ಉರಿಯೂತವನ್ನು ತಗ್ಗಿಸಿತು. ಹೊಟ್ಟೆಯ ಮೇಲೆ ಕೊಟ್ಟ ಜೋರು ಪ್ರಚೋದನೆ ಮಾತ್ರ, ಕಾಯಿಲೆ ಶುರುವಾದ ಮೇಲೆ ಕೊಟ್ಟಾಗ ಉರಿಯೂತವನ್ನು ಹೆಚ್ಚಿಸಿತು! ಇದು ಬ್ಯಾಕ್ಟೀರಿಯಾದ ನಂಜು ಕೊಟ್ಟ ಇಲಿಗಳ ಮಾತು, ಲಕ್ವದ್ದಲ್ಲ.

ಪ್ರಯೋಗಾಲಯದ ಇಲಿಗೂ, ಬಿ.ಪಿ., ಸಕ್ಕರೆ ಕಾಯಿಲೆಗಳ ಜತೆ ಬರುವ ನಮ್ಮ ಮನೆಯ ಹಿರಿಯರಿಗೂ ಬಹಳ ಅಂತರವಿದೆ. ಲಕ್ವದ ನಂತರದ ಚೇತರಿಕೆಗೆ ಅಕ್ಯುಪಂಕ್ಚರ್ ಕೊಟ್ಟ ಪರೀಕ್ಷೆಗಳನ್ನು 2016ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಪ್ರಯೋಜನ ಇರಬಹುದು, ಆದರೆ ಹೆಚ್ಚಿನ ಪರೀಕ್ಷೆಗಳ ಗುಣಮಟ್ಟ ಸಾಲದು ಎಂದಿತು. ನನ್ನ ಅಭಿಪ್ರಾಯವೂ ಅದೇ. ವಾಸಿಯಾಗುತ್ತದೆಂದು ಯಾರಾದರೂ ಖಾತರಿ ಕೊಟ್ಟರೆ ನಂಬಬೇಡಿ.

ಆ ತಂದೆಯನ್ನು ಮನೆಯವರು ಆಸ್ಪತ್ರೆಗೆ ಸೇರಿಸಿದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಎಣ್ಣೆ ತಿಕ್ಕಿದ್ದರು. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಒಡನೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಆ ಹೊತ್ತಿನಲ್ಲಿ ಸೂಜಿಯೂ ಬೇಡ, ಎಣ್ಣೆಯೂ ಬೇಡ.

ಸ್ಥಿತಿ ಸುಧಾರಿಸಿದ ಮೇಲೆ, ವ್ಯಾಯಾಮ ಚಿಕಿತ್ಸೆಯ ಜತೆಗೆ ಅಕ್ಯುಪಂಕ್ಚರ್ ಮಾಡಿಸುವ ಆಸೆಯಿದ್ದರೆ ನಿಮ್ಮ ವೈದ್ಯರನ್ನು ಕೇಳಿ, ತರಬೇತಾದವರಲ್ಲಿಗೇ ಹೋಗಿ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಈ ಕರೆಂಟಿನ ಚಿಕಿತ್ಸೆ ಬೇಡ. ಒಮ್ಮೆ ಬಳಸಿ ಎಸೆಯುವ ಸೂಜಿಯನ್ನೇ ಕೇಳಿ. ಬಿ.ಪಿ. ಮಾತ್ರೆಯನ್ನಂತೂ ಒಂದು ದಿನವೂ ಬಿಡಬೇಡಿ.