ಹಿತ್ತಲಲ್ಲೊಂದು ಸೌನಾ: ಹಣ ಕೊಡುವ ಮುನ್ನ ನಮ್ಮ ಹವೆಯನ್ನು ಕೇಳಿ

ಮಾಗಿಯ ಬೆಳಗು. ಫಜ್ರ್ ನಮಾಝಿಗೆ ಎದ್ದವರು ಮೊದಲು ಹಿತ್ತಲಿನ ಬಚ್ಚಲುಮನೆಗೆ ಹೋಗಿ ಒಲೆಗೆ ತೆಂಗಿನ ಗರಿ, ಮಟ್ಟೆ ಒಡ್ಡುತ್ತಾರೆ. ಹಂಡೆಯ ನೀರು ಕಾಯುವ ಹೊತ್ತಿಗೆ ಕೋಣೆಯೂ ಬೆಚ್ಚಗಾಗಿರುತ್ತದೆ. ಹೆಮ್ಮರಗಾಲದಂತಹ, ನಂಜನಗೂಡು–ತಿ. ನರಸೀಪುರ ಸೀಮೆಯ ಊರುಗಳಲ್ಲಿ ಬೆಳೆದವರಿಗೆ ಆ ಸುಖವನ್ನು ಯಾರೂ ವಿವರಿಸಬೇಕಿಲ್ಲ.

ಈಗ ಅದೇ ಹಿತ್ತಲಿನ ಬಗ್ಗೆ ಹೊಸ ಆಸೆಯೊಂದು ಹುಟ್ಟುತ್ತಿದೆ. ಗಲ್ಫ್‌ನಲ್ಲೋ ಬೆಂಗಳೂರಿನ ಜಿಮ್‌ನಲ್ಲೋ ಸೌನಾ ಕಂಡು ಬಂದ ಮಗ, “ಅಮ್ಮೀ, ನಾವೂ ಒಂದು ಹಾಕಿಸೋಣ, ಅಬ್ಬಾರ ಮಂಡಿನೋವಿಗೆ ಒಳ್ಳೆಯದು” ಎನ್ನುತ್ತಾನೆ. ಮೊಬೈಲಿನಲ್ಲಿ ಪೀಪಾಯಿಯಂತಹ ಮರದ ಕೋಣೆಯ ಚಿತ್ರ ತೋರಿಸುತ್ತಾನೆ. ಬೇಡ ಎನ್ನಬೇಕಿಲ್ಲ. ಆದರೆ ಹಣ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಹವೆಗೆ ಅದು ಬೇಕೇ? ನಮ್ಮ ಮನೆಯವರ ಮೈ ಅದನ್ನು ತಾಳುತ್ತದೆಯೇ?

ಮೂರು ಬಗೆಯ ಬಿಸಿ

ಸೌನಾ ಫಿನ್ಲೆಂಡಿನದು. ಸುಮಾರು 55 ಲಕ್ಷ ಜನರಿರುವ ಆ ನಾಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆ ಎಂದು ಅಂದಾಜು. ಅಲ್ಲಿನ ಸೌನಾ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಒಲೆಯ ಮೇಲಿನ ಕಲ್ಲುಗಳು ಕಾದು ಕೋಣೆ 80ರಿಂದ 100 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಗಾಳಿ ಒಣಗಿರುವುದರಿಂದ ಬೆವರು ಬೇಗ ಆರುತ್ತದೆ, ಹಾಗಾಗಿಯೇ ಮೈ ಅಷ್ಟು ಬಿಸಿಯನ್ನು ಕೆಲವು ನಿಮಿಷ ತಡೆದುಕೊಳ್ಳುತ್ತದೆ.

ಎರಡನೆಯದು ನಮಗೆ ಹೆಸರಿನಿಂದಲೇ ಪರಿಚಿತವಾದ ಹಮ್ಮಾಮ್. ಬೀದರ್ ಕೋಟೆಗೆ ಹೋದವರು ಅಲ್ಲಿನ ವಸ್ತುಸಂಗ್ರಹಾಲಯ ನೋಡಿರಬಹುದು. ಆ ಕಟ್ಟಡ ಹಿಂದೆ ಶಾಹಿ ಹಮ್ಮಾಮ್ ಆಗಿತ್ತು. ಹಮ್ಮಾಮಿನ ಬಿಸಿ 40ರಿಂದ 50 ಡಿಗ್ರಿಯಷ್ಟೇ, ಆದರೆ ಗಾಳಿ ತುಂಬ ಹಬೆ. ಅಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಡಿಗ್ರಿ ಕಡಿಮೆಯಿದ್ದರೂ ಮೈಗೆ ತಾಪ ಕಡಿಮೆಯೇನಲ್ಲ.

ಮೂರನೆಯದು ಇನ್‌ಫ್ರಾರೆಡ್ ಪೆಟ್ಟಿಗೆ. ಇದು ಗಾಳಿಗಿಂತ ನೇರವಾಗಿ ಮೈಯನ್ನು ಕಾಯಿಸುತ್ತದೆ. 45ರಿಂದ 60 ಡಿಗ್ರಿ ಸಾಕು, ವಿದ್ಯುತ್ ಕಡಿಮೆ, ನೀರು ಬೇಡ. ಆದರೆ ಮಳೆಯಲ್ಲಿ ಹೊರಗಿಡುವ ವಸ್ತುವಲ್ಲ.

ನಮ್ಮ ವರ್ಷದ ಲೆಕ್ಕ

ಫಿನ್ಲೆಂಡಿನಲ್ಲಿ ಹೊರಗೆ ಹಿಮ, ಒಳಗೆ ಬಿಸಿ. ನಮ್ಮಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲು 35 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಗದ್ದೆಯಿಂದ ಬಂದವನ ಅಂಗಿ ಹಿಂಡಿದರೆ ನೀರು ಬರುತ್ತದೆ. ಆ ಮೈಗೆ ಬೇಕಾದದ್ದು ಇನ್ನಷ್ಟು ಬೆವರಲ್ಲ, ನೆರಳು ಮತ್ತು ನೀರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ. ಹಬೆಯ ಕೋಣೆ ಒಣಗದೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅದು ಉಬ್ಬಸದವರಿಗೆ ಕೆಟ್ಟದ್ದು. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ.

ಅಂದರೆ ವರ್ಷದಲ್ಲಿ ಮೂರು ನಾಲ್ಕು ತಿಂಗಳ ಬಳಕೆಗೆ ಹಣ ಹೂಡುತ್ತಿದ್ದೀರಿ. ಲಕ್ಷಗಟ್ಟಲೆ ಕೊಟ್ಟು ದುಂದು ಮಾಡುವ ಬದಲು ಇರುವ ಬಚ್ಚಲುಮನೆಯನ್ನೇ ಸರಿಪಡಿಸಿದರೆ ಹೆಚ್ಚಿನವರಿಗೆ ಸಾಕು. ಒಲೆಯ ಬಾಯಿ ಗೋಡೆಯ ಹೊರಗಿರಲಿ, ಹೊಗೆಗೆ ಸೂರಿನ ಮೇಲೆ ಹೋಗುವ ಕೊಳವೆ ಇರಲಿ, ಕೂರಲು ಕಲ್ಲಿನ ಜಗಲಿ ಇರಲಿ, ನೀರು ನಿಲ್ಲದ ಹಾಗೆ ನೆಲಕ್ಕೆ ಇಳಿಜಾರಿರಲಿ.

ಹಾಕಿಸಲೇಬೇಕೆಂದಿದ್ದರೆ

ಮಳೆಗಾಲದ ತೇವವನ್ನು ನೆನೆದು ಹಬೆಗಿಂತ ಒಣ ಬಿಸಿಯದನ್ನೇ ಆರಿಸಿ. ಮರವನ್ನು ನೆಲಕ್ಕೆ ತಾಗಿಸಬೇಡಿ, ನಮ್ಮ ಮಣ್ಣಿನಲ್ಲಿ ಗೆದ್ದಲು ಕಾಯುತ್ತಿರುತ್ತದೆ. ಒಂದೂವರೆ ಅಡಿ ಎತ್ತರದ ಕಲ್ಲಿನ ಜಗಲಿಯ ಮೇಲೆ ಕೂರಿಸಿ, ಮೇಲೆ ಅಗಲವಾದ ಹೆಂಚಿನ ಸೂರು ಇಳಿಬಿಡಿ. ಒಳಗಿನ ಹಲಗೆಗೆ ವಾರ್ನಿಷ್, ಬಣ್ಣ ಬೇಡ. ಬಿಸಿಗೆ ಅದರ ಆವಿ ಉಸಿರಿಗೆ ಸೇರುತ್ತದೆ.

ವಿದ್ಯುತ್ ಒಲೆಯಾದರೆ 6 ಕಿಲೊವ್ಯಾಟಿನದು ಸಿಂಗಲ್ ಫೇಸಿನಲ್ಲಿ 26 ಆಂಪಿಯರ್‌ನಷ್ಟು ಎಳೆಯುತ್ತದೆ. ಮನೆಯ ಹಳೆಯ ವೈರು ಇದನ್ನು ತಾಳದು. ಚೆಸ್ಕಾಂನಿಂದ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಬೇರೆ ಲೈನು, ಅರ್ತಿಂಗ್, ಶಾಕ್ ತಡೆಯುವ ಬ್ರೇಕರ್ ಹಾಕಿಸಿ.

ಬಾಗಿಲು ಹೊರಕ್ಕೆ ತೆರೆಯಲಿ, ಒಳಗಿನಿಂದ ಚಿಲಕ ಬೇಡ. ಹೆಣ್ಣುಮಕ್ಕಳ ಮರೆಗೆ ಹೊರಗೊಂದು ತಡಿಕೆ ಅಥವಾ ಗೋಡೆ ಕಟ್ಟಿಸಿ. ತಲೆ ಸುತ್ತಿ ಬಿದ್ದವರನ್ನು ಹೊರಗಿನವರು ತಲುಪುವಂತಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೆಂಕಿಯದು. ಮುಚ್ಚಿದ ಕೋಣೆಯೊಳಗೆ ಇದ್ದಿಲ ಸಿಗಡಿಯಾಗಲಿ, ಗ್ಯಾಸ್ ಗೀಸರ್ ಆಗಲಿ ಎಂದಿಗೂ ಬೇಡ. ಇವು ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ, ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಸೌನಾ ಬೇಡವೆಂದು ಈಗಲೇ ನಿರ್ಧರಿಸಿದವರೂ ಇಂದು ಎದ್ದು ಹೋಗಿ ನಿಮ್ಮ ಗೀಸರ್ ಎಲ್ಲಿದೆ ನೋಡಿ. ಒಳಗಿದ್ದರೆ ಹೊರಗೆ ಹಾಕಿಸಿ.

ಯಾರು ದೂರವಿರಬೇಕು?

ಪೂರ್ವ ಫಿನ್ಲೆಂಡಿನ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೆಚ್ಚು ಬಾರಿ ಸೌನಾ ಮಾಡಿದವರಲ್ಲಿ ಹೃದಯದ ಹಠಾತ್ ಸಾವು ಕಡಿಮೆ ಇತ್ತು. ಒಳ್ಳೆಯ ಸುದ್ದಿಯೇ. ಆದರೆ ಅವರು ಚಿಕ್ಕಂದಿನಿಂದ ಅದಕ್ಕೆ ಒಗ್ಗಿದವರು, ತಣ್ಣನೆಯ ನಾಡಿನವರು. ಇನ್ನು ಬೆವರಿ ಇಳಿದ ತೂಕ ಬರೀ ನೀರು, ಎರಡು ಲೋಟ ಕುಡಿದರೆ ಮರಳುತ್ತದೆ. ಮೈಯ ಕೊಳೆ ತೆಗೆಯುವ ದೊಡ್ಡ ಕೆಲಸ ಮೂತ್ರಪಿಂಡ, ಯಕೃತ್ತಿನದು.

ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವಿನವರು, ಬಿ.ಪಿ. ಕುಸಿಯುವವರು, ಜ್ವರವಿದ್ದವರು, ಗರ್ಭಿಣಿಯರು ಒಳಗೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರು ವೈದ್ಯರನ್ನು ಕೇಳಲಿ. ಮಗುವಿಗಾಗಿ ಕಾಯುತ್ತಿರುವ ದಂಪತಿಯಲ್ಲಿ ಗಂಡ ಇದನ್ನು ಬಿಡುವುದು ಒಳ್ಳೆಯದು, ಅತಿಯಾದ ಬಿಸಿ ವೀರ್ಯಾಣುಗಳನ್ನು ಕೆಲಕಾಲ ಕುಗ್ಗಿಸುತ್ತದೆ. ರಮಝಾನಿನ ಉಪವಾಸದ ಹಗಲಿನಲ್ಲಿ ಯಾರಿಗೂ ಬೇಡ.

ಉಳಿದವರು ಮೊದಲಿಗೆ ಐದು ನಿಮಿಷ, ಒಗ್ಗಿದ ಮೇಲೂ 10–15 ನಿಮಿಷಕ್ಕೆ ಹೊರಬನ್ನಿ. ಒಬ್ಬರೇ ಹೋಗಬೇಡಿ. ಮುಂಚೆಯೂ ನಂತರವೂ ನೀರು ಕುಡಿಯಿರಿ. ತಲೆ ತಿರುಗಿದರೆ ಆ ಕ್ಷಣವೇ ಹೊರಗೆ ಬಂದು ಮಲಗಿ.

ಅಬ್ಬಾರ ಮಂಡಿನೋವಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ದಿನಕ್ಕಿಷ್ಟು ನಡಿಗೆಯಿಂದಲೇ ಆರಂಭಿಸಬಹುದು. ಬೆಚ್ಚಗಿನ ಸ್ನಾನ ಮಾಡಿ ಶುಚಿಯಾಗಿ ನಮಾಝಿಗೆ ನಿಲ್ಲುವ ಸುಖ ದುಡ್ಡಿನದಲ್ಲ. ಹೊಗೆಯಿಲ್ಲದ, ಗಾಳಿಯಾಡುವ, ಜಾರದ ಬಚ್ಚಲುಮನೆ ಇದ್ದರೆ ಅದರ ಬಹುಪಾಲು ಈಗಾಗಲೇ ನಿಮ್ಮ ಹಿತ್ತಲಲ್ಲಿದೆ.