ನಟರಾಜ ಸರ್ವಿಸ್‌ಗೆ ಮೋರಿಯೇ ದಾರಿ

2025ರ ಆಗಸ್ಟ್ 11ರಂದು ಹಳದಿ ಮೆಟ್ರೊ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಓಡತೊಡಗಿತು. ಅಲ್ಲಿಂದಾಚೆ ಫೀಡರ್ ಬಸ್ಸು, ಆಟೊ, ಆಫೀಸ್ ಕ್ಯಾಬುಗಳ ಚರ್ಚೆ ನಿಂತಿಲ್ಲ. ಸ್ಟೇಷನ್ನಿಂದ ಕಂಪನಿ ಗೇಟಿನವರೆಗೆ ಕಾಲು ಇದೆಯಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಂತಿಲ್ಲ. ನಟರಾಜ ಸರ್ವಿಸ್, ಅಂದರೆ ಕಾಲ್ನಡಿಗೆ, ನಮಗೆ ತಮಾಷೆಯ ಮಾತು. ಪೀಣ್ಯದಲ್ಲಿ ಅದು ದಿನಚರಿ. ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರದ ಬಾಡಿಗೆ ಮನೆಗಳಿಂದ ಗಾರ್ಮೆಂಟ್ಸಿಗೆ, ಲೇತ್ ಶೆಡ್ಡಿಗೆ ಡಬ್ಬಿ ಹಿಡಿದು ನಡೆಯುವವರು 2014ರಲ್ಲಿ ಮೆಟ್ರೊ ಬರುವ ಮುಂಚೆಯೂ ಇದ್ದರು, ಈಗಲೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೇಸಾಯ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ಕೆಲಸ ಮಾಡುವವರಲ್ಲಿ ನೂರಕ್ಕೆ 22ಕ್ಕೂ ಹೆಚ್ಚು ಮಂದಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಜನರನ್ನು ನಡೆಸುವುದು ಹೇಗೆಂದು ತಲೆ ಕೆಡಿಸಿಕೊಳ್ಳುವ ಮೊದಲು, ನಡೆಯುತ್ತಿರುವವರ ಕಾಲಡಿ ಏನಿದೆ ನೋಡಬೇಕು.

ಕಾಲಡಿ ಇರುವುದು ಮೋರಿ. ಬೆಂಗಳೂರಿನ ಎಷ್ಟೋ ಫುಟ್‌ಪಾತು ದಾರಿಯಾಗಿ ಹುಟ್ಟಿದ್ದೇ ಅಲ್ಲ, ಮಳೆನೀರು ಚರಂಡಿಯ ಮುಚ್ಚಳವಾಗಿ ಹುಟ್ಟಿದ್ದು. ಅದರ ಗುಣವೆಲ್ಲ ಈ ಜನ್ಮರಹಸ್ಯದಿಂದಲೇ ಬಂದಿದೆ. ಹೂಳೆತ್ತಲು ಚಪ್ಪಡಿ ಎತ್ತಬೇಕು. ಎತ್ತಿದ ಹೂಳು ಪಕ್ಕದ ಚಪ್ಪಡಿಯ ಮೇಲೆ ಒಣಗಬೇಕು. ಮರಳಿ ಕೂರಿಸಿದಾಗ ಒಂದು ಮೂಲೆ ಎದ್ದಿರುತ್ತದೆ, ಇನ್ನೊಂದು ಕಾಲಿಟ್ಟರೆ ಟಕ್ಕೆನ್ನುತ್ತದೆ. ಎತ್ತರ ಎಷ್ಟಿರಬೇಕೆಂದು ಹೇಳುವುದೂ ಚರಂಡಿಯೇ, ಮಂಡಿಯಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ 150 ಮಿಲಿಮೀಟರಿಗಿಂತ ಎತ್ತರ ಬೇಡ, ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಲಿ ಎನ್ನುತ್ತದೆ. ಆಗದ ಮಾತೇನಲ್ಲ: ಊರೊಳಗಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯ ಹೆಸರಿನಲ್ಲಿ ಮಾಡಿ ತೋರಿಸಿದ್ದಾರೆ. ಶೋಕೇಸು ಅಲ್ಲಿ, ಪಾಳಿ ಕೆಲಸ ಇಲ್ಲಿ.

ಜಾಗವಿಲ್ಲ ಎಂಬುದು ಸಿದ್ಧ ಉತ್ತರ. 1.8 ಮೀಟರ್ ಎಂದರೆ ಹೆಚ್ಚುಕಡಿಮೆ ರಸ್ತೆ ಬದಿ ನಿಂತ ಒಂದು ಕಾರಿನ ಅಗಲ. ಅದಕ್ಕೆ ಸಿಕ್ಕ ಜಾಗ ಫುಟ್‌ಪಾತಿಗೇಕೆ ಸಿಗದು? ದೂಳು, ಬಿಸಿಲಿನ ಆಕ್ಷೇಪ ನಿಜವೇ, ಆದರೆ ಸಾಲುಮರವೆಂಬ ಮದ್ದು ಗೊತ್ತಿರುವ ಊರಿದು. ದೂರದ ಆಕ್ಷೇಪ ಗಟ್ಟಿಯಾದದ್ದು. ವೈಟ್‌ಫೀಲ್ಡಿನಲ್ಲಿ 2023ರ ಮಾರ್ಚಿನಿಂದ ಮೆಟ್ರೊ ಓಡುತ್ತಿದ್ದರೂ ಎಲ್ಲ ಆಫೀಸೂ ಸ್ಟೇಷನ್ನಿನ ಮಗ್ಗುಲಲ್ಲಿಲ್ಲ. ಹತ್ತು ಕಿಲೋಮೀಟರ್ ನಡೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಕೊನೆಯ ಒಂದು ಕಿಲೋಮೀಟರಿನ ಮಾತು. ಅದೂ ಎಷ್ಟೋ ಸಲ ಉದ್ದವಾಗುವುದು ಕಾಂಪೌಂಡಿನಿಂದ. ಕಟ್ಟಡ ಕಣ್ಣೆದುರೇ, ಗೇಟು ಮಾತ್ರ ಗೋಡೆ ಸುತ್ತಿ ಆಚೆ ಬದಿಗೆ. ಹಿಂಬದಿಯ ಗೋಡೆಯಲ್ಲಿ ಐಡಿ ಕಾರ್ಡಿಗೆ ತೆರೆಯುವ ಒಂದು ಚಿಕ್ಕ ಗೇಟಿಗೆ ಮೇಲ್ಸೇತುವೆಯಷ್ಟು ದುಡ್ಡೇನೂ ಬೇಡ.