ರೋಗಾಣುಗಳ ಕೋರಂ ಮುರಿಯುವುದು ಹೇಗೆ?

ಮಕ್ಕಳೇ, ಹಾಲಿನ ಸಂಘದ ಸಭೆಯಿಂದ ಬಂದ ತಾತ "ಕೋರಂ ಇರಲಿಲ್ಲ, ಸಭೆ ಮುಂದಕ್ಕೆ ಹೋಯಿತು" ಎನ್ನುವುದನ್ನು ಕೇಳಿದ್ದೀರಾ? ಇಂತಿಷ್ಟು ಜನ ಸೇರದೆ ಅಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಲ್ಲೂ ಇಂಥದೇ ನಿಯಮವಿದೆ!

ಬಾಯಿಲ್ಲದ ಅವು ಮಾತಾಡುವುದು ರಾಸಾಯನಿಕಗಳ ಮೂಲಕ. ಪ್ರತಿಯೊಂದೂ ಪುಟ್ಟ ಪುಟ್ಟ ಅಣುಗಳನ್ನು ಹೊರಗೆ ಬಿಡುತ್ತಿರುತ್ತದೆ. ಸುತ್ತ ನಾಲ್ಕೇ ಬ್ಯಾಕ್ಟೀರಿಯಾ ಇದ್ದರೆ ಅವು ಚದುರಿ ಹೋಗುತ್ತವೆ. ಗುಂಪು ಬೆಳೆದಂತೆ ಅಣುಗಳೂ ದಟ್ಟವಾಗಿ, 'ಸಾಕಷ್ಟು ಮಂದಿ ಸೇರಿದ್ದೇವೆ' ಎಂಬುದು ಎಲ್ಲಕ್ಕೂ ಗೊತ್ತಾಗುತ್ತದೆ.

1970ರಲ್ಲಿ ಅಮೆರಿಕದ ಕೆನೆತ್ ನೀಲ್ಸನ್ ಮತ್ತು ವುಡಿ ಹೇಸ್ಟಿಂಗ್ಸ್ ಇದರ ಸುಳಿವು ಕಂಡದ್ದು ಮಿನುಗುವ ಸಮುದ್ರ ಬ್ಯಾಕ್ಟೀರಿಯಾಗಳಲ್ಲಿ. ಗಾಜಿನ ಪಾತ್ರೆಯಲ್ಲಿ ಅವು ಬೆಳೆಯುತ್ತಿದ್ದವು, ಆದರೆ ಬೆಳಗುತ್ತಿರಲಿಲ್ಲ. ಗುಂಪು ದಟ್ಟವಾದ ಮೇಲಷ್ಟೇ ಬೆಳಕು!

ಬೆಳಕಾದರೆ ಚೆಂದ. ಸ್ಟಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣುವಿನ ಕಥೆ ಬೇರೆ. ಅದು ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ ಇರುತ್ತದೆ. ಅಡುಗೆ ಮಾಡುವವರ ಕೈಯಿಂದ ಊಟಕ್ಕೂ ಇಳಿಯುತ್ತದೆ. ಕೋರಂ ತುಂಬಿದಾಗ ಅದು ಹಲವು ಬಗೆಯ ವಿಷ ತಯಾರಿಸುತ್ತದೆ. ವಾಂತಿ ತರಿಸುವ ಅದರ ವಿಷ ಎಂಥದೆಂದರೆ, ಅಜ್ಜಿ ಸಾರನ್ನು ಮತ್ತೆ ಕುದಿಸಿದರೆ ರೋಗಾಣು ಸಾಯುತ್ತದೆ, ವಿಷ ಉಳಿದುಬಿಡುತ್ತದೆ. ಆಮೇಲೆ ಕೊಂದು ಏನು ಬಂತು?

ಅದಕ್ಕೇ ವಿಜ್ಞಾನಿಗಳಿಗೆ ಹೊಳೆದದ್ದು: ಅವುಗಳ ಮಾತನ್ನೇ ಕೆಡಿಸಿದರೆ? ಇನ್ನೊಂದು ಲಾಭವೂ ಇದೆ. ಕೊಲ್ಲುವ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿಗಳು ಹೆಚ್ಚುತ್ತಿವೆ. ಕೊಲ್ಲದೆ ಸುಮ್ಮನಿರಿಸಿದರೆ ಹಾಗೆ ಮೊಂಡಾಗುವುದು ನಿಧಾನವಾದೀತು ಎಂಬ ಆಸೆ.

ಈ ಉಪಾಯ ಪ್ರಕೃತಿಯಲ್ಲಿ ಮೊದಲೇ ಇತ್ತು. ಆಸ್ಟ್ರೇಲಿಯಾದ ಡೆಲಿಸಿಯಾ ಪುಲ್ಕ್ರಾ ಎಂಬ ಕೆಂಪು ಕಡಲಪಾಚಿ ತನ್ನ ಮೇಲೆ ಬ್ಯಾಕ್ಟೀರಿಯಾಗಳ ಲೋಳೆ ಕಟ್ಟದಂತೆ ನೋಡಿಕೊಳ್ಳುತ್ತದೆ. ಅದು ಬಿಡುವ ಫ್ಯೂರನೋನ್ ಎಂಬ ರಾಸಾಯನಿಕ, ಬ್ಯಾಕ್ಟೀರಿಯಾಗಳ ಸಂದೇಶದಂತೆಯೇ ಕಂಡು ಅವುಗಳ 'ಕಿವಿ' ಮುಚ್ಚುತ್ತದೆ. ಮಣ್ಣಿನ ಕೆಲವು ಬ್ಯಾಸಿಲಸ್‌ಗಳ ಬಳಿ ಕತ್ತರಿಯೇ ಇದೆ: ಸಂದೇಶದ ಅಣುವನ್ನು ಮುರಿಯುವ ಕಿಣ್ವ. ಆ ಕಿಣ್ವದ ಜೀನನ್ನು ಆಲೂಗಡ್ಡೆ ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ ಅದರ ಉಪಟಳ ತಗ್ಗಿತೆಂದು 2000ದಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮ ಚಕ್ಕೆಗೆ ಘಮ ಕೊಡುವ ಸಿನ್ನಮಾಲ್ಡಿಹೈಡ್ ಕೂಡ ಪ್ರಯೋಗಾಲಯದಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಮಾತು ಕೆಡಿಸಿದೆ. ಹಾಗೆಂದು ಹಳಸಿದ ಪಲಾವಿಗೆ ಚಕ್ಕೆ ಹಾಕಿ ತಿನ್ನಬೇಡಿ!

ತೊಡಕು ಇರುವುದು ಭಾಷೆಯಲ್ಲಿ. ಆಲೂಗಡ್ಡೆ ಕೊಳೆಸುವ ಬ್ಯಾಕ್ಟೀರಿಯಾದ ಸಂದೇಶವೇ ಬೇರೆ, ಸ್ಟಾಫಿಲೊಕಾಕಸ್‌ನದೇ ಬೇರೆ. ಅಲ್ಲಿನ ಕತ್ತರಿ ಇಲ್ಲಿ ನಡೆಯದು. ಸಾಲ್ಮೊನೆಲ್ಲಾ ಇನ್ನೂ ಚಾಲಾಕಿ. ಒಂದು ಬಗೆಯ ಸಂದೇಶವನ್ನು ತಾನು ಆಡುವುದೇ ಇಲ್ಲ, ಬೇರೆಯವರು ಆಡಿದ್ದನ್ನು ಕದ್ದು ಕೇಳುತ್ತದೆ!

ಒಂದೊಂದಕ್ಕೂ ತಕ್ಕ, ತಿನ್ನಲು ಸುರಕ್ಷಿತವಾದ ಮದ್ದು ಹುಡುಕುವ ಕೆಲಸ ನಡೆಯುತ್ತಿದೆ. ಸದ್ಯಕ್ಕೆ ಕೋರಂ ತುಂಬದಂತೆ ತಡೆಯಲು ನಮ್ಮ ಬಳಿ ಇರುವುದು ಸೋಪು ಮತ್ತು ಗಡಿಯಾರ: ಕೈ ತೊಳೆದು ಬಡಿಸುವುದು, ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸುವುದು.